ಬಿರುಕಿನ ಮೇಲೊಂದು ಅಳಿಸದ ಗೆರೆ

ಸೇತುವೆ ತಪಾಸಣಾ ಕಚೇರಿಯ ನಿಯಮಾವಳಿಯ ಪ್ರಕಾರ, ಕಾಗದದ ಮೇಲೆ ಇಲ್ಲದ ಬಿರುಕು ಸೇತುವೆಯಲ್ಲೂ ಇರುವುದಿಲ್ಲ. ಇದು ಯಾರೋ ಒಬ್ಬರ ಅಭಿಪ್ರಾಯವಲ್ಲ. ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿರುವ ವಾಕ್ಯ. ಅದರ ಮುಂದಿನ ವಾಕ್ಯದಂತೆ, ಬಿರುಕಿನ ತಪಾಸಣೆಯನ್ನು ಮಳೆ ಸುರಿಯುತ್ತಿರುವಾಗಲೇ ಮಾಡತಕ್ಕದ್ದು, ಏಕೆಂದರೆ ಸೋರಿದಾಗ ಮಾತ್ರ ಅದು ಬಿರುಕೋ ಬರೀ ಗೀಚೋ ಎಂಬುದು ತಿಳಿಯುತ್ತದೆ. ಅದರ ಮುಂದಿನದರಂತೆ, ಕಂಡ ಬಿರುಕನ್ನು ಸ್ಥಳದಲ್ಲೇ, ಶಾಯಿ ತುಂಬಿದ ಪೆನ್ನಿನಿಂದಲೇ ಚಿತ್ರಿಸತಕ್ಕದ್ದು. ಪೆನ್ಸಿಲ್ ಗೆರೆಯನ್ನು ಯಾರು ಬೇಕಾದರೂ ಅಳಿಸಬಹುದು, ಫೋಟೋವನ್ನು ಯಂತ್ರ ತೆಗೆಯುತ್ತದೆ, ಬಾಲ್‌ಪೆನ್ನು ನಿಯಮಾವಳಿ ಬರೆದ ಕಾಲಕ್ಕೆ ಹುಟ್ಟಿರಲಿಲ್ಲ. ಈ ಮೂರೂ ವಾಕ್ಯಗಳನ್ನು ಚಾಚೂ ತಪ್ಪದೆ ಪಾಲಿಸಿದ್ದರ ಫಲವಾಗಿ, ಕಚೇರಿಯ ಕಪಾಟುಗಳಲ್ಲಿ ವರ್ಷಗಳಿಂದ ತಿಳಿನೀಲಿ ಕಲೆಯ ಕಾಗದಗಳು ಮಾತ್ರ ಸೇರುತ್ತಿದ್ದವು, ಮತ್ತು ಊರಿನ ಯಾವ ಸೇತುವೆಯಲ್ಲೂ ಒಂದೇ ಒಂದು ಬಿರುಕು ಇರಲಿಲ್ಲ.

ಈ ತಿಳಿನೀಲಿ ಕಾಗದಗಳನ್ನು ತಯಾರಿಸುತ್ತಿದ್ದವನು ಕಚೇರಿಯ ನಕ್ಷೆಗಾರ. ಅವನ ಕೈ ಒಳ್ಳೆಯದಿತ್ತು, ಅದು ಅವನಿಗೂ ಗೊತ್ತಿತ್ತು. ಗೆರೆ ಎಳೆದು ಮುಗಿಸಿದ ಮೇಲೆ ತಲೆ ಓರೆ ಮಾಡಿ ತಾನೇ ಒಂದು ಗಳಿಗೆ ನೋಡಿಕೊಳ್ಳುವ ಚಾಳಿ. ಅಷ್ಟರೊಳಗೆ ಮಳೆ ಆ ಗೆರೆಯನ್ನು ತೊಳೆದು, ಕಾಗದದ ಅಂಚಿನಿಂದ ಇಳಿಸಿ, ಅವನ ತೋಳಿನೊಳಕ್ಕೆ ಹರಿಸಿಬಿಡುತ್ತಿತ್ತು. ಊರಿನ ಅಷ್ಟೂ ಸೇತುವೆಗಳ ಅಷ್ಟೂ ಬಿರುಕುಗಳು ಅವನ ಅಂಗಿಯ ಬಲತೋಳಿನಲ್ಲಿದ್ದವು, ಆದರೆ ಅಂಗಿಯನ್ನು ಕಡತಕ್ಕೆ ಸೇರಿಸುವ ಪದ್ಧತಿ ಇರಲಿಲ್ಲ. ಮೇಲಧಿಕಾರಿಗಳು ಪ್ರತಿ ಕಾಗದವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ‘ನಿರ್ಮಲವಾಗಿದೆ’ ಎಂದು ಷರಾ ಬರೆದು ಒಳಗೆ ಕಳಿಸುತ್ತಿದ್ದರು. ನಕ್ಷೆಗಾರನೂ ಉಸಿರೆತ್ತಿದವನಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸಕ್ಕೂ ಸಂಬಳ ಬರುತ್ತದಲ್ಲ ಎಂದುಕೊಂಡು ಹಾಯಾಗಿದ್ದ.

ಅವನ ನೆಮ್ಮದಿ ಕೆಟ್ಟದ್ದು ಒಂದು ಮಧ್ಯಾಹ್ನ, ಊಟದ ತಟ್ಟೆಗೆ ಮೇಲಿನಿಂದ ಒಂದು ಚಿಟಿಕೆ ಗಾರೆ ಉದುರಿದಾಗ. ಅವನು ದಿನವೂ ಉಣ್ಣುತ್ತಿದ್ದದ್ದು ಕಾಲುವೆ ಸೇತುವೆಯ ದಡದ ಕಡೆಯ ಕಮಾನಿನ ಕೆಳಗೆ, ಅಕ್ಕನ ಕೊಡೆ ರಿಪೇರಿ ಅಂಗಡಿಯಲ್ಲಿ. ಅಂಗಡಿ ಎಂದರೆ ಒಂದು ಮೋಟು ಸ್ಟೂಲು, ಕಡ್ಡಿ ಸ್ಪ್ರಿಂಗುಗಳ ತಗಡಿನ ಡಬ್ಬಿ, ಅಡ್ಡಕ್ಕೆ ಕಟ್ಟಿದ ತಂತಿ, ತಂತಿಗೆ ನೇತುಬಿದ್ದ ಕೈಕಾಲು ಮುರಿದ ಕೊಡೆಗಳು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಈ ಅಂಗಡಿಯಲ್ಲೇ ಅವನನ್ನು ಸಾಕಿದಳು, ಓದಿಸಿದಳು, ಕೈಗೆ ಮೊದಲ ಪೆನ್ನು ಕೊಡಿಸಿದಳು. ಈಗ ಅವನ ತಲೆ ನರೆತಿದ್ದರೂ ಅವಳಿಗೆ ಅವನು ಪುಟ್ಟನೇ. ಅವನು ತಟ್ಟೆಯಿಂದ ಗಾರೆ ತೆಗೆದು ಮೇಲೆ ನೋಡಿದ. ಕಮಾನಿನ ಈ ಬುಡದಿಂದ ಆ ಬುಡದವರೆಗೆ, ಸ್ಟೂಲಿನ ನೆತ್ತಿಯ ಮೇಲೇ ಹಾದು, ಒಂದು ಬಿರುಕು ಬಾಯಿ ಬಿಟ್ಟಿತ್ತು. ಇಷ್ಟು ವರ್ಷ ಬಿರುಕು ನೋಡಿದ್ದ ಅವನಿಗೆ ಬಿರುಕು ಕಂಡು ಹೆದರಿಕೆಯಾದದ್ದು ಅದೇ ಮೊದಲು.

ಬೇರೆ ಜಾಗ ನೋಡೋಣ ಎಂದರೆ ಅಕ್ಕ ಕೇಳಲಿಲ್ಲ. ಮಳೆ ಬಂದರೆ ಇಡೀ ಊರು ಓಡಿ ಬರುವುದೇ ಈ ಕಮಾನಿಗೆ, ಮುರಿದ ಕೊಡೆ ಹಿಡಿದು ಬಂದವರಿಗೆ ಏನು ಹೇಳಲಿ ಎಂದು ದಬಾಯಿಸಿದಳು. ಆಮೇಲೆ ಕಡ್ಡಿ ಬಗ್ಗಿಸುತ್ತಲೇ ಹೇಳಿದಳು:

"ನಂದು ಕೊಡೆ ರಿಪೇರಿ, ನಿಂದು ಸೇತುವೆ ರಿಪೇರಿ. ನಾನು ನನ್ನ ಕೆಲಸ ಮಾಡ್ತಾ ಇದೀನಿ. ನೀನು ನಿಂದು ಮಾಡು."

ನಕ್ಷೆಗಾರ ಮಳೆ ಕಾದು, ಬಿರುಕು ಬರೆದ. ಅದು ಎಂದಿನಂತೆ ತೋಳಿಗಿಳಿಯಿತು. ಮೇಲಧಿಕಾರಿಗಳು ಕಾಗದವನ್ನು ಕಿಟಕಿಗೆ ಹಿಡಿದು, ಕಾಲುವೆ ಸೇತುವೆ ಈ ಸಲ ವಿಶೇಷವಾಗಿ ನಿರ್ಮಲವಾಗಿದೆ ಎಂದರು. ಆಗ ಅವನು ಜನ್ಮದಲ್ಲಿ ಮೊದಲ ಬಾರಿಗೆ ಒಂದು ಅರ್ಜಿ ಬರೆದ: ನೀರಿಗೆ ಕರಗದ ಶಾಯಿಯೊಂದನ್ನು ದಯಪಾಲಿಸಬೇಕು.

ಮೇಲಧಿಕಾರಿಗಳು ಮೃದು ಮಾತಿನ ಮನುಷ್ಯ. ಯಾರಿಗೂ ಇಲ್ಲ ಎಂದವರಲ್ಲ, ಯಾರಿಗೂ ಏನನ್ನೂ ಕೊಟ್ಟವರೂ ಅಲ್ಲ. ಅಂಥ ಶಾಯಿ ಇದೆ ಎಂದು ಹೇಗೆ ಗೊತ್ತು ಎಂದು ಕೇಳಿದರು.

"ಬಾಟಲಿ ಮೇಲೆ ಬರೆದಿರ್ತಾರೆ ಸಾರ್."

"ಬರೆದಿರೋದು ಯಾವ ಶಾಯಿಯಲ್ಲಿ?"

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: ‘ನೀರಿಗೆ ಅಂಜದ ಶಾಯಿಯನ್ನು ಗುರುತಿಸುವ ಸಲುವಾಗಿ ಒಂದು ಪರೀಕ್ಷಾ ಸಮಿತಿಯನ್ನು ರಚಿಸಲಾಗಿದೆ. ಮೇಲಧಿಕಾರಿಗಳು ಅಧ್ಯಕ್ಷರು, ದಾಖಲೆಪಾಲಕಿಯವರು ಸದಸ್ಯರು, ನಕ್ಷೆಗಾರ ಕಾರ್ಯದರ್ಶಿ. ಶಾಯಿಯನ್ನು ಉಗ್ರಾಣದವರು ಒದಗಿಸತಕ್ಕದ್ದು. ನೀರನ್ನು ಕಚೇರಿಯ ಸೋರುವ ಮಾಡು ಈಗಾಗಲೇ ಒದಗಿಸುತ್ತಿದೆ.’

ಬಾಟಲಿಗಳು ಬಂದವು. ನಕ್ಷೆಗಾರ ಒಂದೊಂದರಲ್ಲೂ ಒಂದು ಸಾಲು ಬರಹ, ಒಂದು ಬಿರುಕಿನ ಚಿತ್ರ, ಅಡ್ಡಡ್ಡ ಗೆರೆಗಳ ಒಂದು ಜಾಲರಿ ಬರೆದು ಒಣಗಲು ಬಿಡುವನು. ಮರುದಿನ ಇಂಕ್ ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ನೀರು ಬಿಟ್ಟು ಹೀರುಕಾಗದ ಒತ್ತುವನು. ಅದಕ್ಕೂ ಜಗ್ಗದ್ದನ್ನು ನಲ್ಲಿಯ ಕೆಳಗೆ ಹಿಡಿಯುವನು, ಅಲ್ಲೂ ಉಳಿದದ್ದನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಡುವನು, ಕೊನೆಗೆ ಒದ್ದೆ ಕುಂಚದಿಂದ ಗೆರೆಯ ಮೇಲೆ ಬಣ್ಣ ಹಾಯಿಸಿ ಉಸಿರು ಬಿಗಿಹಿಡಿದು ನೋಡುವನು. ಚೆಂದದ ನೀಲಿಗಳೆಲ್ಲ ಮೊದಲ ತೊಟ್ಟಿಗೇ ಊರು ಬಿಟ್ಟವು. ಕಬ್ಬಿಣದ ಸತ್ವ ಸೇರಿದ ಒಂದು ಶಾಯಿ ಬರೆಯುವಾಗ ಬಡಪಾಯಿಯಂತೆ ಮಂಕಾಗಿದ್ದು, ಒಣಗುತ್ತ ಒಣಗುತ್ತ ಕಪ್ಪಗೆ ಗಟ್ಟಿಯಾಗಿ ಕೂರುತ್ತಿತ್ತು. ನುಣ್ಣನೆಯ ಬಣ್ಣದ ಪುಡಿ ಕಲಸಿದ ಇನ್ನೊಂದು ಕರಿಶಾಯಿಯಂತೂ ಕಾಗದವೇ ಹಿಂಜಿಹೋದರೂ ತಾನು ಅಲ್ಲಾಡಲಿಲ್ಲ. ಆದರೆ ಪೆನ್ನಿನ ಮುಚ್ಚಳ ಹಾಕುವುದು ಮರೆತರೆ ನಿಬ್ಬಿನಲ್ಲೇ ಹೆಪ್ಪುಗಟ್ಟಿ ಬಾಯಿ ಬಿಡುತ್ತಿರಲಿಲ್ಲ. ಸಮಿತಿಯ ಉಳಿದವರೂ ಕೈಕಟ್ಟಿ ಕೂರಲಿಲ್ಲ. ಶಾಯಿಯು ಗೃಹವಾತಾವರಣದಲ್ಲಿ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಅಧ್ಯಕ್ಷರು ಅರ್ಧ ಬಾಟಲಿಗಳನ್ನು ಮನೆಗೆ ಒಯ್ದರು. ಅವರ ಮಕ್ಕಳ ಶಾಲೆಯ ಬರಹ ಆ ವರ್ಷ ಬಹಳ ಸುಧಾರಿಸಿತು.

ಹೇಳಲು ಸಂಕಟವಾಗುತ್ತದೆ, ಆದರೂ ಹೇಳಬೇಕು: ನಕ್ಷೆಗಾರನಿಗೆ ಶಾಯಿಯ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೆ ಅದೇ ಮಾತು. ಯಾವುದು ಕಾಗದದ ಎಳೆ ಹಿಡಿದು ಹರಡುತ್ತದೆ, ಯಾವುದು ನಿಂತಲ್ಲಿ ನಿಲ್ಲುತ್ತದೆ, ಯಾವುದರ ಕಪ್ಪಿನಲ್ಲಿ ಕೆಂಪಿನ ಛಾಯೆ ಇದೆ. ತಟ್ಟೆಗೆ ಗಾರೆ ಉದುರಿದರೆ ಮಾತು ನಿಲ್ಲಿಸದೆ ಬೆರಳಿನಿಂದ ಬದಿಗೆ ಸರಿಸುತ್ತಿದ್ದ. ಅಕ್ಕ ಒಂದು ದಿನ ಅವನ ಮಾತು ಮುಗಿಯಲಿ ಎಂದು ಕಾದು, ಮುಗಿಯುವ ಲಕ್ಷಣ ಕಾಣದೆ, ನಡುವೆ ಬಾಯಿ ಹಾಕಿದಳು.

"ಅದಿರಲಿ ಪುಟ್ಟ, ಬಿರುಕಿನ ವಿಷಯ ಏನಾಯ್ತು?"

"ಯಾವ ಬಿರುಕು?"

ಕೇಳಿದ ಮೇಲೆ ಅವನಿಗೇ ಕೇಳಿಸಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಕ್ಕ ಇನ್ನಷ್ಟು ಬಡಿಸಿದಳು. ಅವತ್ತೇ ಅವನು ಕಚೇರಿಗೆ ಓಡಿ, ಕರಿಶಾಯಿಯೇ ಸರಿ ಎಂದು ವರದಿ ಬರೆದು, ಒಣಗಿಸಿದ ಪರೀಕ್ಷೆಯ ಹಾಳೆಗಳನ್ನೆಲ್ಲ ಲಗತ್ತಿಸಿ ಸಭೆಯ ಮುಂದಿಟ್ಟ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ದಾಖಲೆಪಾಲಕಿಯವರು ಕೆಟ್ಟವರಲ್ಲ, ಲಂಚ ಮುಟ್ಟಿದವರಲ್ಲ, ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವರಲ್ಲ. ಅವರಿಗೆ ನಿಯಮಾವಳಿ ಬಾಯಿಪಾಠವಿತ್ತು, ಅಷ್ಟೆ. ಹಾಳೆಗಳನ್ನು ಮುಟ್ಟಿ ನೋಡಿ, ಅವು ಸೊಟ್ಟಗಾಗಿರುವುದನ್ನು ಗಮನಿಸಿ, ಒದ್ದೆಯಾದ ಕಾಗದ ಹಾಳಾದ ದಾಖಲೆ, ಹಾಳಾದ ದಾಖಲೆಯನ್ನು ಸಾಕ್ಷಿಯಾಗಿ ಪರಿಗಣಿಸುವಂತಿಲ್ಲ ಎಂದರು.

"ಮೇಡಂ, ಒದ್ದೆ ಮಾಡಿದ್ದೇ ಪರೀಕ್ಷೆಗೆ."

"ಮಾಡಬಾರದು ಅನ್ನಲಿಲ್ಲ. ಪರಿಗಣಿಸೋ ಹಾಗಿಲ್ಲ ಅಂದೆ."

ಸಭೆ ದೀರ್ಘವಾಗಿ ಚರ್ಚಿಸಿತು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಅಧ್ಯಕ್ಷರು ಒಂದು ದಾರಿ ಕಂಡುಹಿಡಿದರು: ನೀರಿನ ಪರೀಕ್ಷೆಯನ್ನು ನೀರಿಲ್ಲದೆ ನಡೆಸತಕ್ಕದ್ದು. ಎಲ್ಲ ಶಾಯಿಗಳಲ್ಲೂ ಮತ್ತೆ ಬರೆದು, ಒಣಗಿಸಿ, ಎಲ್ಲರೂ ನಿಂತು ನೋಡಿದರು. ಒಂದೂ ಕರಗಲಿಲ್ಲ. ನೀರು ತಾಗದಂತೆ ನೋಡಿಕೊಂಡರೆ ಎಲ್ಲ ಶಾಯಿಗಳೂ ನೀರನ್ನು ತಡೆಯುತ್ತವೆ ಎಂಬ ನಿರ್ಣಯವನ್ನು ಅಂಗೀಕರಿಸಿ, ಅಧ್ಯಕ್ಷರು ಚಹಾ ತರಿಸಿದರು. ಸೇತುವೆಯ ಹತ್ತಿರ ಮಳೆ ಬರುತ್ತದಲ್ಲ ಸಾರ್ ಎಂದು ನಕ್ಷೆಗಾರ ಮೆಲ್ಲಗೆ ನೆನಪಿಸಿದ್ದಕ್ಕೆ, ಮಳೆ ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ನಕ್ಷೆಗಾರನಿಗೆ ಕಣ್ಣ ಮುಂದೆ ಆ ಮೋಟು ಸ್ಟೂಲೇ ಬಂತು. ಚಹಾ ಕುಡಿಯಲಾಗದೆ ಲೋಟ ಕೆಳಗಿಟ್ಟು, ನನ್ನ ಅಕ್ಕ ಅದರ ಕೆಳಗೆ ಕೂರುತ್ತಾಳೆ ಎಂದುಬಿಟ್ಟ. ಕಡತದಲ್ಲಿ ಇಲ್ಲದ ವಿಷಯವಾದ್ದರಿಂದ ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆದರೆ ದಾಖಲೆಪಾಲಕಿಯವರು ಅವನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಕನ್ನಡಕ ಸರಿಮಾಡಿಕೊಂಡರು. ನಿಯಮ ಹೇಳುವುದು ಕಾಗದದ ಬಗ್ಗೆ ಮಾತ್ರ, ಕಲ್ಲು ಗಾರೆ ಕಾಗದವಲ್ಲ, ಅವು ಒದ್ದೆಯಾದರೆ ಹಾಳಾದಂತೆ ಅಲ್ಲ ಎಂದರು. ಬಿರುಕಿನ ಚಿತ್ರವನ್ನು ಸೇತುವೆಯ ಮೇಲೆಯೇ ಬರೆದು ಮಳೆಗೆ ಬಿಟ್ಟರೆ ಪರೀಕ್ಷೆಯೂ ಆಗುತ್ತದೆ, ದಾಖಲೆಯೂ ಆಗುತ್ತದೆ. ಅವರ ದೃಷ್ಟಿಯಲ್ಲಿ ಅದು ದೊಡ್ಡ ಉಪಕಾರ. ನಕ್ಷೆಗಾರನಿಗೂ ಹಾಗೇ ಅನಿಸಿತು.

ಮರುದಿನ ಒಣ ಬಿಸಿಲಿನಲ್ಲಿ ಏಣಿ ಹಾಕಿದರು. ಏಣಿ ಹಿಡಿದವಳು ಅಕ್ಕ. ನಕ್ಷೆಗಾರ ಕರಿಶಾಯಿ ತುಂಬಿದ ಪೆನ್ನು ಹಿಡಿದು, ಬಿರುಕಿನ ಅಂಚಿನಲ್ಲೇ, ಅದು ತಿರುಗಿದಲ್ಲಿ ತಿರುಗಿ, ಕವಲೊಡೆದಲ್ಲಿ ಕವಲೊಡೆದು, ಈ ಬುಡದಿಂದ ಆ ಬುಡದವರೆಗೆ ಗೆರೆ ಎಳೆದ. ಒರಟು ಗಾರೆಗೆ ಉಜ್ಜಿ ಉಜ್ಜಿ ನಿಬ್ಬು ಮೊಂಡಾಯಿತು, ಕತ್ತು ಹಿಡಿದುಕೊಂಡಿತು. ಅಂಥ ಗೆರೆಯನ್ನು ಅವನು ಹಿಂದೆ ಎಳೆದಿರಲಿಲ್ಲ. ಕೆಳಗಿಳಿದು, ತಲೆ ಓರೆ ಮಾಡಿ, ತುಂಬಾ ಹೊತ್ತು ನೋಡಿದ.

ಮಳೆ ಬಂದಾಗ ಸಮಿತಿ ಕಮಾನಿನ ಕೆಳಗೆ ಹಾಜರಿತ್ತು. ಬಿರುಕಿನಿಂದ ನೀರು ಧಾರಾಕಾರವಾಗಿ ಸುರಿಯಿತು, ಗೆರೆ ಒಂದು ಕೂದಲಷ್ಟೂ ಮಾಸಲಿಲ್ಲ. ಅಧ್ಯಕ್ಷರು ಅಕ್ಕ ರಿಪೇರಿ ಮಾಡಿದ ಕೊಡೆಯೊಂದನ್ನು ಹಿಡಿದುಕೊಂಡೇ ಎಲ್ಲರ ಕೈ ಕುಲುಕಿದರು. ಊರಿನ ಇತಿಹಾಸದಲ್ಲಿ ಇದು ಮೊದಲ ಬಿರುಕು ಎಂದು ಘೋಷಿಸಿ, ಆ ಕೊಡೆಯೊಂದಿಗೆ ಹೊರಟುಹೋದರು. ನಕ್ಷೆಗಾರ ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ.

ಬಿರುಕು ಮುಚ್ಚಿಸಲು ಅವನು ಬರೆದ ಕೋರಿಕೆ ಹೋದ ವೇಗದಲ್ಲೇ ವಾಪಸು ಬಂತು. ಬಿರುಕು ಮುಚ್ಚಿದರೆ ಗೆರೆ ಮುಚ್ಚುತ್ತದೆ. ಗೆರೆ ಕಚೇರಿಯ ದಾಖಲೆ. ದಾಖಲೆಯನ್ನು ಗಾರೆ ಬಳಿದು ನಾಶಪಡಿಸುವುದು ಅಪರಾಧ. ಒಂದು ನಕಲು ಮಾಡಿಟ್ಟುಕೊಂಡು ಮೂಲವನ್ನು ಮುಚ್ಚಬಹುದಲ್ಲ ಎಂದು ಕೇಳಿದ. ಮೂಲ ಇರುವವರೆಗೆ ಮಾತ್ರ ನಕಲು ಸಿಂಧು ಎಂದು ದಾಖಲೆಪಾಲಕಿಯವರು ನಿಜವಾದ ವ್ಯಥೆಯಿಂದ ಹೇಳಿದರು. ಪೆನ್ಸಿಲಿನಲ್ಲಿ ಬರೆದಿದ್ದರೆ ಅಳಿಸಬಹುದಿತ್ತು, ಹಳೆಯ ನೀಲಿಯಲ್ಲಿ ಬರೆದಿದ್ದರೆ ಮಳೆಯೇ ಅಳಿಸುತ್ತಿತ್ತು. ಇದು ಹೋಗುವ ಶಾಯಿಯಲ್ಲ, ನೀವೇ ಪರೀಕ್ಷಿಸಿದ್ದೀರಿ. ವಾರ ಕಳೆಯುವುದರೊಳಗೆ ಸೇತುವೆಯ ಎರಡೂ ತುದಿಗೆ ಫಲಕ ಬಿತ್ತು:

‘ಪ್ರಕಟಣೆ. ಕಾಲುವೆ ಸೇತುವೆಯು ಇಂದಿನಿಂದ ಈ ಕಚೇರಿಯ ದಾಖಲೆ ಕೊಠಡಿಯ ವಿಸ್ತೃತ ಭಾಗವಾಗಿರುತ್ತದೆ. ದಾಖಲೆ ಕೊಠಡಿಯ ಮೇಲೆ ವಾಹನ ಓಡಿಸುವುದು, ನಡೆದಾಡುವುದು, ಹಾಗೂ ಅದರ ಒಳಗೆ ನೀರು, ಬೆಂಕಿ ಮತ್ತು ತೊಟ್ಟಿಕ್ಕುವ ಯಾವುದೇ ವಸ್ತುವನ್ನು ತರುವುದು ನಿಷಿದ್ಧ. ಬಿರುಕು ಕಚೇರಿಯ ವೇಳೆಯಲ್ಲಿ ವೀಕ್ಷಣೆಗೆ ಲಭ್ಯವಿದೆ.’

ಒದ್ದೆ ಕೊಡೆಗಿಂತ ಹೆಚ್ಚಾಗಿ ತೊಟ್ಟಿಕ್ಕುವ ವಸ್ತು ಊರಿನಲ್ಲಿ ಇನ್ನೊಂದಿರಲಿಲ್ಲ. ಅಂಗಡಿ ತೆರವು ಮಾಡಬೇಕೆಂಬ ನೋಟಿಸನ್ನು ಬರೆಯುವ ಹೊಣೆ ಕಾರ್ಯದರ್ಶಿಯದು, ತಲುಪಿಸುವ ಹೊಣೆಯೂ ಅವನದೇ. ಅಕ್ಕ ಅದನ್ನು ಓದಿ, ಪಕ್ಕದ ಡಬ್ಬಿಯ ನೀರಿಗೆ ಹೆಬ್ಬೆರಳು ಅದ್ದಿ, ‘ತೆರವು’ ಎಂಬ ಪದದ ಮೇಲೆ ತಿಕ್ಕಿ ನೋಡಿದಳು. ಅದು ಹೋಗಲಿಲ್ಲ.

"ಒಳ್ಳೆ ಶಾಯಿ ಹುಡುಕಿದೀಯ ಪುಟ್ಟ" ಎಂದಳು. ತಂತಿಯಿಂದ ಒಂದೊಂದೇ ಕೊಡೆ ಇಳಿಸತೊಡಗಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸ್ಟೂಲು ಎತ್ತಿಕೊಂಡು ಅವಳ ಹಿಂದೆ ನಡೆಯುವಾಗ ಅವನಿಗೆ ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಅಂಗಡಿ ತಮ್ಮನ ಮನೆಯ ಮುಂದಿನ ಕೋಣೆಗೆ ಬಂತು. ಗಿರಾಕಿಗಳು ಬರಲಿಲ್ಲ. ಅಕ್ಕ ಸರಿಯಾಗಿಯೇ ಇದ್ದ ಒಂದು ಕೊಡೆಯನ್ನು ದಿನವಿಡೀ ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದಳು. ಊಟ ಇಟ್ಟಿದೀನಿ ಎನ್ನುವುದು ಬಿಟ್ಟರೆ ಮಾತಿರಲಿಲ್ಲ. ಅವನಿಗೆ ತಟ್ಟೆಗೆ ಏನೂ ಉದುರದ ಊಟ ರುಚಿಸುತ್ತಿರಲಿಲ್ಲ.

ಮಳೆಗಾಲದ ನಡುವೆ ಒಂದು ಮಧ್ಯಾಹ್ನ ಕಚೇರಿಯ ಕಿಟಕಿಗಳು ಗಡಗಡ ಅಲುಗಿದವು. ಸದ್ದು ಎಲ್ಲಿಂದ ಎಂದು ನಕ್ಷೆಗಾರನಿಗೆ ಯಾರೂ ಹೇಳಬೇಕಾಗಲಿಲ್ಲ. ಅಕ್ಕ ಮನೆಯಲ್ಲಿದ್ದಾಳೆ ಎಂಬುದು ಆ ಕ್ಷಣದಲ್ಲಿ ಅವನ ತಲೆಯಿಂದ ಹಾರಿಹೋಗಿತ್ತು. ಬರಿತಲೆಯಲ್ಲಿ, ಬರಿಗಾಲಲ್ಲಿ, ಬೀದಿಯುದ್ದಕ್ಕೂ ಅಕ್ಕ ಅಕ್ಕ ಎನ್ನುತ್ತ ಓಡಿದ. ಕಮಾನು ಇದ್ದ ಜಾಗದಲ್ಲಿ ಆಕಾಶ ಇತ್ತು. ಸ್ಟೂಲು ಇರುತ್ತಿದ್ದ ಜಾಗದಲ್ಲಿ ಆಳೆತ್ತರದ ಕಲ್ಲಿನ ರಾಶಿ ಬಿದ್ದಿತ್ತು. ಅವನು ಅಲ್ಲೇ ಕೆಸರಲ್ಲಿ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಅವನ ತಲೆಯ ಮೇಲೆ ಮಳೆ ನಿಂತಿತು. ನೋಡಿದರೆ ಹಿಂದೆ ಅಕ್ಕ ಕೊಡೆ ಹಿಡಿದು ನಿಂತಿದ್ದಳು. ಅವಳ ಕಾಲು ತಬ್ಬಿಕೊಂಡು ಮಗುವಿನ ಹಾಗೆ ಬಿಕ್ಕಿದ. ಏಳೋ ಮಾರಾಯ, ಜನ ನೋಡ್ತಾರೆ ಎಂದಳು, ಆದರೆ ಕಾಲು ಬಿಡಿಸಿಕೊಳ್ಳಲಿಲ್ಲ.

ಸಮಿತಿ ಬಂತು. ದಾಖಲೆ ಕೊಠಡಿಯ ಮೇಲೆ ಯಾರೂ ನಡೆಯುವಂತಿರಲಿಲ್ಲ, ಒಳಗೆ ಯಾರೂ ಕೂರುವಂತಿರಲಿಲ್ಲ, ಹೀಗಾಗಿ ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಇದನ್ನು ಕಚೇರಿಯ ದೂರದೃಷ್ಟಿ ಎಂದು ಅಧ್ಯಕ್ಷರು ಅಲ್ಲೇ ಬರೆಸಿಕೊಂಡರು. ರಾಶಿಯ ಮೇಲೆ ಒಂದು ದೊಡ್ಡ ತುಂಡು ಮುಖ ಮೇಲಾಗಿ ಬಿದ್ದಿತ್ತು. ಅದರ ಮೇಲೆ ಈ ಅಂಚಿನಿಂದ ಆ ಅಂಚಿಗೆ ಕಪ್ಪು ಗೆರೆ, ನಿನ್ನೆ ಎಳೆದಂತೆ ಇತ್ತು. ದಾಖಲೆಪಾಲಕಿಯವರು ಕರವಸ್ತ್ರದಿಂದ ಕೆಸರು ಒರೆಸಿದರು. ಅಧ್ಯಕ್ಷರು ಬಗ್ಗಿ ನೋಡಿ, ಎದ್ದು ನಿಂತು, ಒಂದಿಷ್ಟೂ ಅಳಿಸಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಣ್ಣು ಒರೆಸಿಕೊಂಡು ಬಂದ ನಕ್ಷೆಗಾರನೂ ನೋಡಿದ. ಅವನ ತಲೆ ತಾನಾಗಿ ಓರೆಯಾಯಿತು. ಅಕ್ಕ ಅದನ್ನು ಕಂಡು ಮುಖ ಆ ಕಡೆ ತಿರುಗಿಸಿಕೊಂಡಳು.

ತುಂಡನ್ನು ಕಚೇರಿಗೆ ಸಾಗಿಸಿ ಕಪಾಟಿನಲ್ಲಿಟ್ಟರು. ಆಮೇಲೆ ಕೊನೆಯ ಸಭೆ ಸೇರಿತು. ಕಾಗದದಲ್ಲಿ ಇಲ್ಲದ ಬಿರುಕು ಸೇತುವೆಯಲ್ಲಿ ಇರುವುದಿಲ್ಲ ಎಂದಾದರೆ, ದಾಖಲೆಯಲ್ಲಿ ಇರುವ ಬಿರುಕು ಸೇತುವೆಯಲ್ಲಿ ಇದ್ದೇ ಇರಬೇಕು. ಬಿರುಕು ಇರಬೇಕಾದರೆ ಅದಕ್ಕೊಂದು ಸೇತುವೆ ಬೇಕು. ದಾಖಲೆ ಸುರಕ್ಷಿತವಾಗಿದೆ. ಆದ್ದರಿಂದ ಸೇತುವೆ ಇದೆ. ಅದು ಬಿತ್ತು ಎನ್ನುವುದಕ್ಕೆ ಸ್ಥಳದಲ್ಲೇ ಬರೆದ ಚಿತ್ರ ಯಾರ ಬಳಿಯೂ ಇಲ್ಲ. ಅದು ಬಿದ್ದದ್ದು ಅಷ್ಟು ಬೇಗ. ನಿರ್ಣಯವನ್ನು ಕರಿಶಾಯಿಯಲ್ಲಿ ಬರೆದು ಎಲ್ಲರೂ ರುಜು ಹಾಕಿದರು. ಊರಿನವರೂ ತಕರಾರು ಎತ್ತಲಿಲ್ಲ. ಸೇತುವೆ ಇದ್ದಾಗಲೂ ಅದರ ಮೇಲೆ ಹೋಗುವಂತಿರಲಿಲ್ಲ, ಈಗಲೂ ಹೋಗುವಂತಿಲ್ಲ. ಎಲ್ಲರಿಗೂ ಸುತ್ತುದಾರಿ ಅಭ್ಯಾಸವಾಗಿತ್ತು.

ಅಕ್ಕ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಚೇರಿಗೆ ಬಂದಳು. ಮೇಲಧಿಕಾರಿಗಳ ಎದುರು ನಿಂತು ಕೇಳಿದ್ದು ಒಂದೇ ಮಾತು.

"ಸೇತುವೆ ಇದೆ ಅಂತೀರಲ್ಲ ಸಾಹೇಬ್ರೆ, ಹಾಗಾದ್ರೆ ಅದರ ಕೆಳಗೆ ನನ್ನ ಅಂಗಡಿನೂ ಇರಬಹುದಲ್ಲ?"

ಮೇಲಧಿಕಾರಿಗಳು ದಾಖಲೆಪಾಲಕಿಯವರತ್ತ ನೋಡಿದರು. ದಾಖಲೆ ಈಗ ಕಪಾಟಿನಲ್ಲಿದೆ, ಆದ್ದರಿಂದ ಸೇತುವೆಯ ಕೆಳಗೆ ಏನು ಬೇಕಾದರೂ ತೊಟ್ಟಿಕ್ಕಬಹುದು ಎಂದರು ಅವರು. ಅನುಮತಿ ಅಲ್ಲೇ ಸಿಕ್ಕಿತು. ಅಕ್ಕ ಕಲ್ಲು ಸರಿಸಿ, ಸ್ಟೂಲು ಹಾಕಿ, ನೆಲಕ್ಕೆ ನೆಟ್ಟ ಒಂದು ದೊಡ್ಡ ಕೊಡೆಯ ಕೆಳಗೆ ಕೂತಳು. ತಲೆಯ ಮೇಲೆ ಏನೂ ಇಲ್ಲದ ಕಾರಣ ಅಲ್ಲಿ ಜನ ಮೊದಲಿಗಿಂತ ಚೆನ್ನಾಗಿ ನೆನೆಯುತ್ತಿದ್ದರು, ವ್ಯಾಪಾರವೂ ಮೊದಲಿಗಿಂತ ಚೆನ್ನಾಯಿತು.

ನಕ್ಷೆಗಾರ ಮತ್ತೆ ಊಟಕ್ಕೆ ಅಲ್ಲಿಗೇ ಬರುತ್ತಾನೆ. ಕಾಲುವೆ ಸೇತುವೆಯ ತಪಾಸಣೆ ಅವನ ಕೆಲಸವಾಗಿಯೇ ಉಳಿದಿದೆ. ಮೊನ್ನೆ ಜೋರು ಮಳೆಯಲ್ಲಿ ತುತ್ತು ಕೈಯಲ್ಲಿ ಹಿಡಿದು, ಕೊಡೆಯ ಅಂಚಿನಿಂದಾಚೆ ಕತ್ತು ಚಾಚಿ ಮೇಲೆ ನೋಡಿದ. ಮುಖದ ತುಂಬ ನೀರು ಬಿತ್ತು.

"ಏನೋ ಪುಟ್ಟ, ಸೋರ್ತಾ ಇದೆಯಾ?" ಎಂದಳು ಅಕ್ಕ, ಕಡ್ಡಿ ಬಗ್ಗಿಸುತ್ತಲೇ.

"ಸ್ವಲ್ಪ, ಅಕ್ಕ" ಎಂದ. ಕೈ ತೊಳೆದು, ಕಾಗದ ತೆಗೆದು, ಮಳೆಯಲ್ಲೇ ಬರೆದುಕೊಂಡ. ಬರೆದದ್ದು ಅಳಿಸಲಿಲ್ಲ.